ತೋಕಿಕೊ ಬೇಗಂ ಕೇಳಿದ ಮನೆ

ಏಪ್ರಿಲ್ 4, 1988, ಸೋಮವಾರ

ಬೆಳಿಗ್ಗೆ ಬಸವಲಿಂಗಪ್ಪನವರು ಬಂದಿದ್ದರು. ನಮ್ಮವರ ಜೊತೆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರು. ನಮ್ಮವರು ತೀರಿಹೋಗಿ ಎಂಟು ತಿಂಗಳಾಯಿತು, ಬಂದಾಗಲೆಲ್ಲ ಬಸವಲಿಂಗಪ್ಪನವರು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತು ಎದ್ದುಹೋಗುತ್ತಾರೆ. ಇವತ್ತು ಮಾತ್ರ ನನ್ನನ್ನೇ ಕರೆದರು.

"ವೈನಿ, ನಿಮಗ ಜಪಾನಿ ಮಾತು ಇನ್ನೂ ನೆನಪೈತೇನ್ರಿ?"

ಊರಿನ ಆ ತುದಿಗೆ, ಮೆಹದಿಪಟ್ಟಣದಲ್ಲಿ, ಅವರ ಪರಿಚಯದ ಒಂದು ಮುಸಲ್ಮಾನರ ಮನೆ. ಆ ಮನೆಯ ಹಿರಿಯಳು ಜಪಾನಿನ ಹೆಂಗಸು, ಮುತ್ತಿನ ವ್ಯಾಪಾರಿಯೊಬ್ಬರನ್ನು ಮದುವೆಯಾಗಿ ಮೂವತ್ತು ವರ್ಷದ ಹಿಂದೆ ಇಲ್ಲಿಗೆ ಬಂದವಳು. ವ್ಯಾಪಾರಿ ತೀರಿಹೋಗಿದ್ದಾರೆ. ಹೋದ ತಿಂಗಳು ಇವಳಿಗೆ ಲಕ್ವಾ ಹೊಡೆದು, ಎಚ್ಚರ ಬಂದಾಗ ಉರ್ದು ಪೂರ್ತಿ ಮರೆತುಹೋಗಿತ್ತಂತೆ. ಹುಟ್ಟಿನ ಮಾತೊಂದೇ ಉಳಿದಿದೆ. ಮನೆಯಲ್ಲಿ ಯಾರಿಗೂ ಒಂದಕ್ಷರ ತಿಳಿಯದು. ನೀರು ಕೇಳುತ್ತಾಳೋ, ನೋವು ಎನ್ನುತ್ತಾಳೋ, ಅದೂ ಗೊತ್ತಾಗುವುದಿಲ್ಲ.

1969ರಲ್ಲಿ ಕಾರ್ಖಾನೆಯವರು ನಮ್ಮವರನ್ನು ಕೋಬೆ ಪಟ್ಟಣಕ್ಕೆ ತರಬೇತಿಗೆ ಕಳಿಸಿದಾಗ ಮೂರು ವರ್ಷ ನಾನೂ ಅಲ್ಲಿದ್ದೆ. ಅವರು ಇಂಗ್ಲಿಷಿನಲ್ಲಿ ನಡೆಸಿಕೊಂಡರು. ಕಾಯಿಪಲ್ಲೆ ತರುತ್ತಿದ್ದವಳು ನಾನು, ಹಾಗಾಗಿ ಭಾಷೆ ಬಂದದ್ದು ನನಗೆ.

ನಾನು ಭಾವನವರ ಮುಖ ನೋಡಿದೆ. ನಮ್ಮವರ ಅಣ್ಣ ಗುರುರಾಜ ಭಾವ ಪತ್ರಿಕೆ ಮಡಿಸಿ, "ಆಕಿ ಹೊರಗ ಹೋಗಿ ಭಾಳ ದಿವಸ ಆತು. ಅದೂ ಅಷ್ಟು ದೂರ, ಅಂಥವರ ಮನಿ," ಎಂದರು. ಆಮೇಲೆ, "ಜಡ್ಡಾದವರ ಕೆಲಸ ಅಂತೀರಿ. ಒಂದ ಸಲ ಹೋಗಿ ಬರಲಿ," ಎಂದರು.

ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಏಪ್ರಿಲ್ 6, ಬುಧವಾರ

ಹೋಗಿ ಬಂದೆ. ಕುಡಿಯುವ ನೀರು ಮನೆಯಿಂದಲೇ ಒಯ್ದಿದ್ದೆ.

ಬಾಗಿಲು ತೆಗೆದವಳು ಖುರ್ಷೀದ್, ಸುಮಾರು ಮೂವತ್ತೈದು ವಯಸ್ಸು, ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಾನು ಹಿಂದಿಯಲ್ಲಿ ಶುರು ಮಾಡಿದರೆ ಅವಳು ಕನ್ನಡದಲ್ಲೇ, "ಬರ್ರಿ ನಲಿನಿಬಾಯಿ, ನಾ ಕಲಬುರಗಿಯೊಳಗ ಹತ್ತು ವರ್ಷ ಇದ್ದಾಕಿ," ಎಂದಳು. ಗಂಡ ಜೆಡ್ಡಾದಲ್ಲಿ ಕೆಲಸಕ್ಕಿದ್ದಾನೆ. ಜಪಾನಿನ ಹೆಂಗಸು ಅವಳಿಗೆ ಹೆತ್ತ ತಾಯಿಯಲ್ಲ. ತಾಯಿ ತೀರಿ ಇವಳು ನಾಲ್ಕು ವರ್ಷದ ತಬ್ಬಲಿಯಾಗಿದ್ದಾಗ ತಂದೆಯನ್ನು ಮದುವೆಯಾಗಿ ಬಂದು ಸಾಕಿದವಳು. ಖುರ್ಷೀದ್ ಅವಳನ್ನು 'ಅಮ್ಮಿ' ಎಂದೇ ಕರೆಯುತ್ತಾಳೆ.

ಮಂಚದ ಮೇಲೆ ಸಣ್ಣ ದೇಹ, ತಲೆಗೆ ಬಿಳಿ ದುಪ್ಪಟ್ಟಾ. ಹೆಸರು ತೋಕಿಕೊ. ಇಲ್ಲಿ ತೋಕಿಕೊ ಬೇಗಂ. ಅರವತ್ತೊಂದು ವರ್ಷ. ನಾನು ಹತ್ತಿರ ಹೋಗಿ ಜಪಾನಿಯಲ್ಲಿ, "ನಮಸ್ಕಾರ, ಹೇಗಿದ್ದೀರಿ?" ಎಂದೆ. ಹದಿನಾರು ವರ್ಷದ ಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದು. ಅವಳು ನನ್ನನ್ನು ನೋಡುತ್ತಲೇ ಇದ್ದು, ಆಮೇಲೆ ಅಳತೊಡಗಿದಳು. ಖುರ್ಷೀದಳೂ ಅತ್ತಳು.

ಬೆನ್ನಿನ ಕೆಳಗಿನ ದಿಂಬು ಚುಚ್ಚುತ್ತದೆ ಎಂದಳು. ಇಪ್ಪತ್ತು ದಿನದಿಂದ ಅದನ್ನೇ ಹೇಳುತ್ತಿದ್ದಳಂತೆ.

ಹೊರಡುವಾಗ ಇನ್ನೊಂದು ಮಾತು ಹೇಳಿದಳು. "ಕಾಏರಿತಾಯ್." ಮನೆಗೆ ಹೋಗಬೇಕು. ಖುರ್ಷೀದ್ ಕೂಡಲೇ, "ಇದನ್ನಽ ದಿನಾ ಅಂತಾರ್ರಿ. ಏನದು?" ಎಂದಳು.

"ದಣಿವಾಗೇದ ಅಂತಾರ," ಎಂದುಬಿಟ್ಟೆ.

ಏಪ್ರಿಲ್ 13, ಬುಧವಾರ

ಒಂದು ಸಲ ಎಂದದ್ದು ನಾಲ್ಕು ಸಲವಾಯಿತು. ಭಾವ ಏನೂ ಅನ್ನಲಿಲ್ಲ. "ಅಲ್ಲಿ ಏನೂ ಮುಟ್ಟಂಗಿಲ್ಲ ಹೌದಿಲ್ಲ?" ಎಂದಷ್ಟೇ ಕೇಳಿದರು.

ಇವತ್ತು ಅಲ್ಲಿ ಒಂದು ಪಂಚಾಯತಿ. ಖುರ್ಷೀದಳ ಚಿಕ್ಕಪ್ಪ ಹಾಜಿ ಮಹಬೂಬ್ ಅಲಿಯವರು ಬಂದಿದ್ದರು. ಎಪ್ಪತ್ತರ ಮೇಲಿನ ಮೆಲುದನಿಯ ಮನುಷ್ಯ. ತೋಕಿಕೊ ದಿನವಿಡೀ ಏನೋ ಗುನುಗುತ್ತಾಳೆ. ಅದರಲ್ಲಿ 'ಕಾಮಿ, ಕಾಮಿ' ಎಂದು ಕೇಳಿಸುತ್ತದೆ. ಕಾಮಿ ಎಂದರೆ ಜಪಾನಿನವರ ಹಳೆಯ ದೇವರು ಎಂದು ಯಾರೋ ಅವರಿಗೆ ಹೇಳಿದ್ದಾರೆ. ಉರ್ದುವಿನ ಜೊತೆ ಅತ್ತಿಗೆಯ ಧರ್ಮವೂ ಮರೆತುಹೋಯಿತೇ ಎಂದು ಅವರ ಸಂಕಟ. ಖುರ್ಷೀದ್ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ನಾನು ಬಗ್ಗಿ ಕಿವಿಗೊಟ್ಟು ಕೇಳಿದೆ. ನಾಲಿಗೆ ತೊಡರುತ್ತಿತ್ತು. ನಾಲ್ಕನೆಯ ಸಲಕ್ಕೆ ಹಿಡಿತಕ್ಕೆ ಸಿಕ್ಕಿತು. "ಅರ್ರಾ ನೋ ಹೊಕಾ ನಿ ಕಾಮಿ ನಾಶಿ."

"ಅಲ್ಲಾಹನ ಹೊರತು ದೇವರಿಲ್ಲ, ಅಂತ ಹೇಳಾಕತ್ತಾರ. ತಮ್ಮ ಮಾತಿನಾಗ," ಎಂದೆ. ಹಾಜಿಯವರಿಗೆ ಅದನ್ನೇ ಉರ್ದುವಿನಲ್ಲಿ ಹೇಳಿದೆ.

ಹಾಜಿಯವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಖುರ್ಷೀದ್ ಬಂದು ನನ್ನ ಕೈ ಹಿಡಿದಳು, ಬಿಡಲಿಲ್ಲ.

ಅವರೆಲ್ಲ ಆಚೆ ಹೋದ ಮೇಲೆ ತೋಕಿಕೊಳನ್ನು ಕೇಳಿದೆ, ಅದನ್ನು ಯಾರು ಕಲಿಸಿದರು ಎಂದು. ತುಂಡು ತುಂಡಾಗಿ ಹೇಳಿದಳು. ಯುದ್ಧ ಮುಗಿದ ಮೇಲೆ ಕೋಬೆಯಲ್ಲಿ ಹಿಂದೂಸ್ತಾನದ ಬಟ್ಟೆ ವ್ಯಾಪಾರಿಗಳ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಬಾಂಬು ಬಿದ್ದು ಸುತ್ತಲೆಲ್ಲ ಬೂದಿಯಾಗಿದ್ದರೂ ಅಲ್ಲಿಯ ಮಸೀದಿ ನಿಂತಿತ್ತು. ಕಚೇರಿಯ ಕಪಾಟಿನಲ್ಲಿ ಜಪಾನಿಗೆ ಅನುವಾದವಾದ ಮುಸಲ್ಮಾನರ ಧರ್ಮಗ್ರಂಥವಿತ್ತು. ಊಟದ ಬಿಡುವಿನಲ್ಲಿ ಓದುತ್ತಿದ್ದಳು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಒಬ್ಬಳೇ ಹೋಗಿ ಮುಸಲ್ಮಾನಳಾದಳು. ಅವಳ ಹಳ್ಳಿಯಲ್ಲಿ ಇನ್ನೊಬ್ಬ ಮುಸಲ್ಮಾನರಿರಲಿಲ್ಲ. ಖುರ್ಷೀದಳ ತಂದೆ ಮುತ್ತು ಕೊಳ್ಳಲು ಕೋಬೆಗೆ ಬಂದು ಅವಳ ಕಣ್ಣಿಗೆ ಬಿದ್ದದ್ದು ಅದಾಗಿ ಏಳು ವರ್ಷಕ್ಕೆ. ನಾನೂ ಎಲ್ಲರಂತೆ, ಗಂಡನಿಗಾಗಿ ಆದವಳು ಎಂದೇ ತಿಳಿದಿದ್ದೆ.

ಬರುವಾಗ ತಡವಾಯಿತು. ಚಹಾ ಆಗಿತ್ತು, ಕುಡಿದೇ ಹೊರಟೆ.

ಏಪ್ರಿಲ್ 16, ಶನಿವಾರ

ತೋಕಿಕೊಳ ತಮ್ಮನಿಗೆ ಖುರ್ಷೀದ್ ತಂತಿ ಕಳಿಸಿದ್ದಳು. ಆತ ಬರುತ್ತಾನಂತೆ. ಮೂವತ್ತೊಂದು ವರ್ಷದಲ್ಲಿ ವರ್ಷಕ್ಕೊಂದು ಕಾಗದ ಬಿಟ್ಟರೆ ಮುಖ ನೋಡಿದ್ದಿಲ್ಲ.

ತಮ್ಮ ಬರುತ್ತಾನೆಂದು ಹೇಳಿದೆ. ತೋಕಿಕೊ ಬಾಗಿಲ ಕಡೆ ತಲೆ ಹೊರಳಿಸಿದಳು. "ಮನೆಗೆ ಕರೆದೊಯ್ಯುತ್ತಾನೆಯೇ?" ಎಂದಳು. ಆಮೇಲೆ ನನ್ನ ಸೆರಗು ಹಿಡಿದು, "ನನ್ನನ್ನು ಸುಡಬಾರದು. ಮಣ್ಣಿಗೆ ಹಾಕಬೇಕು. ನೀನು ಹೇಳು," ಎಂದಳು.

ಹೇಳುತ್ತೇನೆ ಎಂದೆ.

ಏಪ್ರಿಲ್ 22, ಶುಕ್ರವಾರ

ರಂಜಾನ್ ಶುರುವಾಗಿದೆ. ಈ ಬಿಸಿಲಿನಲ್ಲಿ ನೀರೂ ಇಲ್ಲದೆ ಖುರ್ಷೀದ್ ಶಾಲೆಗೂ ಹೋಗಿ ತಾಯಿಯನ್ನೂ ನೋಡುತ್ತಾಳೆ.

ತಮ್ಮ ಬಂದರು. ಹಟಾನಾಕಾ ಯೋಶಿತಾಕಾ, ಐವತ್ತಾರು ವರ್ಷ, ಹಳ್ಳಿಯ ಶಾಲೆಯಲ್ಲಿ ಮಾಸ್ತರು. ಕಪ್ಪು ಕೋಟು, ಅದರೊಳಗೆ ಬೆವರಿನಲ್ಲಿ ತೊಯ್ದ ಅಂಗಿ. ಅಕ್ಕನ ಮಂಚದ ಹತ್ತಿರ ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿದರು. ಅವಳು ಎಡಗೈ ಚಾಚಿ ಅವರ ತಲೆ ಮುಟ್ಟಿದಳು. "ನಿನ್ನ ಕೂದಲು ಎಲ್ಲಿ ಹೋಯಿತು?" ಎಂದಳು. ಅವರು ನಕ್ಕರು, ನಗುತ್ತಲೇ ಅತ್ತರು.

ನಾನು ಅವರಿಗೂ ಖುರ್ಷೀದಳಿಗೂ ನಡುವೆ ನಿಂತು ಮಾತು ದಾಟಿಸಿದೆ. ಖುರ್ಷೀದ್ ಹಾಸಿಗೆಯ ವ್ಯವಸ್ಥೆ, ಡಾಕ್ಟರು ಹೇಳಿದ್ದು ಎಲ್ಲ ಹೇಳಿದಳು. ಎದೆಯೂ ದುರ್ಬಲವಾಗಿದೆ, ತಿಂಗಳೋ ಎರಡೋ.

ಅಕ್ಕ ಅವರ ಕಿವಿಯಲ್ಲೂ ಅಂದಳು: ಕಾಏರಿತಾಯ್.

ಏಪ್ರಿಲ್ 25, ಸೋಮವಾರ

ಹಟಾನಾಕಾ ವಿಮಾನದ ಟಿಕೆಟ್ಟಿಗೆ ಓಡಾಡುತ್ತಿದ್ದಾರೆ. ನರ್ಸ್ ಜೊತೆಗಿದ್ದರೆ ಒಯ್ಯಬಹುದು, ದಾರಿಯಲ್ಲಿ ಏನಾದರೂ ಆದರೆ ಹೊಣೆಯಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

ವರಾಂಡದಲ್ಲಿ ನನ್ನೊಡನೆ ಮಾತಾಡಿದರು. "ಗಂಡನಿಗಾಗಿ ಅಕ್ಕ ಬದಲಾದಳು. ಗಂಡ ಈಗಿಲ್ಲ. ಇನ್ನು ಅವಳು ಅಮ್ಮನ ಪಕ್ಕದಲ್ಲಿ ಇರಬಹುದು. ಊರಿನ ದೇವಾಲಯದ ಹಿಂದೆ ನಮ್ಮ ಮನೆತನದ ಗೋರಿಯಲ್ಲಿ ಜಾಗವಿದೆ, ಬೂದಿಯ ಕರಂಡ ಅಮ್ಮನದರ ಪಕ್ಕದಲ್ಲೇ ಇಡುತ್ತೇವೆ."

ಆಗಲೇ ಹೇಳಬೇಕಿತ್ತು. ಅವಳು ಬದಲಾದದ್ದು ಗಂಡನಿಗಾಗಿ ಅಲ್ಲ, ಸುಡಬೇಡಿ ಎಂದು ಹೇಳಿದ್ದಾಳೆ ಎಂದು. ಅವರ ಮುಖದಲ್ಲಿ ಅಷ್ಟು ಸಮಾಧಾನವಿತ್ತು.

ಒಳಗೆ ಖುರ್ಷೀದ್ ಹಿಡಿದು ನಿಲ್ಲಿಸಿದಳು. "ಖರೇ ಹೇಳ್ರಿ ನಲಿನಿಬಾಯಿ. ಅಮ್ಮಿಗೆ ಹೋಗೋ ಮನಸ್ಸು ಐತೇನು? ಆತ ತಾನಽ ಎಳಕೊಂಡು ಒಯ್ಯಾಕತ್ತಾನೇನು?"

"ತಿಳಿಯವಲ್ದು," ಎಂದೆ.

ಏಪ್ರಿಲ್ 26, ಮಂಗಳವಾರ

ಹೋಗಲಿಲ್ಲ. ತಲೆನೋವು ಎಂದು ಮಲಗಿದ್ದೆ. ತಲೆನೋವು ಇರಲಿಲ್ಲ.

ಬರೆದೇಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ. ಹೋದ ಆಗಸ್ಟಿನಲ್ಲಿ ನಮ್ಮವರು ತೀರಿದ ಒಂದು ತಾಸಿಗೆ ಕಣ್ಣಿನ ಆಸ್ಪತ್ರೆಯಿಂದ ಫೋನು ಬಂದಿತ್ತು. ಕಣ್ಣು ದಾನ ಮಾಡುತ್ತೇನೆಂದು ಅವರು ಬರೆದುಕೊಟ್ಟಿದ್ದರು, ನನ್ನ ಎದುರಿಗೇ ಸಹಿ ಹಾಕಿದ್ದರು. ಭಾವ ಫೋನು ಹಿಡಿದುಕೊಂಡು ನನ್ನತ್ತ ತಿರುಗಿ, "ಪ್ರಹ್ಲಾದ ಹಂಗೇನರೆ ಹೇಳಿದ್ದನೇನು?" ಎಂದು ಕೇಳಿದರು. ಮನೆ ತುಂಬ ಜನ. ಆಚಾರ್ಯರು ಬಂದು ಕೂತಿದ್ದರು. ನಾನು ತಲೆ ತಗ್ಗಿಸಿದೆ. ಇಲ್ಲ ಎನ್ನಲಿಲ್ಲ, ಹೌದೂ ಎನ್ನಲಿಲ್ಲ. ಭಾವ ಫೋನು ಇಟ್ಟರು. ಅಂಬರಪೇಟೆಯ ಚಿತೆಗೆ ಆ ಕಣ್ಣುಗಳೂ ಹೋದವು.

ನಾನೇನೂ ಸುಳ್ಳು ಹೇಳಲಿಲ್ಲ. ಎಂಟು ತಿಂಗಳಿಂದ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ.

ಏಪ್ರಿಲ್ 27, ಬುಧವಾರ

ಬೆಳಿಗ್ಗೆ ಎಂಟಕ್ಕೇ ಹೋದೆ. ಖುರ್ಷೀದಳನ್ನೂ ಹಟಾನಾಕಾ ಅವರನ್ನೂ ತೋಕಿಕೊಳ ಮಂಚದ ಎರಡು ಕಡೆ ಕೂರಿಸಿದೆ. ನಾನೂ ಸ್ಟೂಲು ಎಳೆದುಕೊಂಡು ಕೂತೆ.

ಮೊದಲು ಖುರ್ಷೀದಳಿಗೆ ಹೇಳಿದೆ. "ದಣಿವು ಅಂತ ನಾ ಹೇಳಿದ್ದು ಸುಳ್ಳು. ಮೊದಲನೇ ದಿವಸದಿಂದ ಅಮ್ಮಿ ಮನಿಗೆ ಹೋಗಬೇಕು ಅನ್ನಾಕತ್ತಾರ. ಮನಿ ಅಂದ್ರ ಜಪಾನಿಂದು. ತಾಯಿ ಇದ್ದ ಮನಿ. ನಿಮಗ ನೋವಾಗ್ತದ ಅಂತ ಮುಚ್ಚಿಟ್ಟೆ."

ಖುರ್ಷೀದಳ ಮುಖ ಬಿಳಿಚಿಕೊಂಡಿತು. "ಮೂರು ವಾರ ಆತಲ್ರಿ. ನನಗ ನೋವಾಗ್ತದ ಅಂತ ನಮ್ಮ ಅಮ್ಮಿ ಬಾಯಿ ಮುಚ್ಚಿದಿರಿ? ನಿಮಗ ಅಧಿಕಾರ ಕೊಟ್ಟವರು ಯಾರು?"

ಹಟಾನಾಕಾ ಅವರ ಕಡೆ ತಿರುಗಿ ಉಳಿದದ್ದನ್ನು ಹೇಳಿದೆ. ಮದುವೆಗೆ ಏಳು ವರ್ಷ ಮೊದಲೇ ಒಬ್ಬಳೇ ಮಸೀದಿಗೆ ಹೋದದ್ದು. ಸುಡಬೇಡಿ, ಮಣ್ಣಿಗೆ ಹಾಕಿ ಎಂದದ್ದು.

ಅವರು ತಮ್ಮ ಮೊಣಕಾಲು ನೋಡಿಕೊಂಡು, "ಬೆಂಕಿಯ ಹೆದರಿಕೆ," ಎಂದರು. "ಬಾಂಬಿನ ಬೆಂಕಿಯಲ್ಲಿ ನಮ್ಮ ಹಿರಿಯಕ್ಕ ಹೋದಳು. ಇವಳು ಕಣ್ಣಾರೆ ಕಂಡಳು. ಅದಕ್ಕೇ ಇರಬೇಕು."

ಮಂಚದಿಂದ ಸಣ್ಣ ದನಿ ಬಂತು. "ಅಲ್ಲ."

ನಾವೆಲ್ಲ ತಿರುಗಿದೆವು.

"ಹೆದರಿಕೆಯಿಂದ ಅಲ್ಲ. ಗಂಡನಿಗಾಗಿ ಅಲ್ಲ. ಓದಿದೆ, ನಂಬಿದೆ. ನೀವೆಲ್ಲ ಯಾಕೆ ಕಾರಣ ಹುಡುಕುತ್ತೀರಿ?"

ಲಕ್ವಾ ಹೊಡೆದ ಮೇಲೆ ಒಂದೇ ಉಸಿರಿಗೆ ಅಷ್ಟು ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಖುರ್ಷೀದಳಿಗೆ ಹೇಳಿದೆ, ಒಂದು ಮಾತೂ ಬಿಡದೆ.

ಊರಿನಲ್ಲಿ ಹೂಳಲು ಆಗುವುದೇ ಎಂದು ಹಟಾನಾಕಾ ಅವರನ್ನು ಕೇಳಿದೆ. ತಲೆಯಾಡಿಸಿದರು. ಅಲ್ಲಿ ಯಾರನ್ನೂ ಹೂಳುವುದಿಲ್ಲ. ದೇವಾಲಯದವರು ಒಪ್ಪುವುದಿಲ್ಲ, ಊರೂ ಒಪ್ಪುವುದಿಲ್ಲ. "ಕೋಬೆಯ ಗುಡ್ಡದ ಮೇಲೆ ಪರದೇಶಿಗಳ ಸ್ಮಶಾನವಿದೆ. ಅಲ್ಲಿ ಹೂಳುತ್ತಾರೆ. ಆದರೆ ನನ್ನ ಅಕ್ಕ ಪರದೇಶಿಯಲ್ಲವಲ್ಲ," ಎಂದರು.

ಆಗ ತೋಕಿಕೊಳಿಗೆ ಸ್ಪಷ್ಟವಾಗಿ ಹೇಳಲೇಬೇಕಾಯಿತು. ಹೇಳುವವಳು ನಾನೇ ಆಗಬೇಕಾಯಿತು. "ಅಮ್ಮನ ಮನೆಗೆ ಹೋದರೆ ಅಲ್ಲಿ ಬೆಂಕಿ. ಇಲ್ಲೇ ಉಳಿದರೆ ಮಣ್ಣು. ಎರಡೂ ಒಟ್ಟಿಗೆ ಸಿಗುವುದಿಲ್ಲ. ನಿಮಗೆ ಯಾವುದು ಬೇಕು?"

ಅವಳು ಕಣ್ಣು ಮುಚ್ಚಿದಳು. ಹೊರಗೆ ಯಾರೋ ಮಾವಿನಹಣ್ಣು ಮಾರುತ್ತಿದ್ದರು. ಖುರ್ಷೀದ್ ದುಪ್ಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಹಾಗಾದರೆ ಇಲ್ಲೇ," ಎಂದಳು. ಆಮೇಲೆ ತಮ್ಮನಿಗೆ, "ಅಮ್ಮನ ಗೋರಿಗೆ ಹೋಗಿ ಹೇಳು. ಬರಬೇಕೆಂದಿದ್ದಳು, ಆಗಲಿಲ್ಲ ಅಂತ."

ಅವರು "ಹಾಯ್", ಆಗಲಿ, ಎಂದರು, ಶಾಲೆಯ ಹುಡುಗನ ಹಾಗೆ.

ಖುರ್ಷೀದ್ ಇವತ್ತು ನನ್ನನ್ನು ಬಾಗಿಲವರೆಗೆ ಬಿಡಲು ಬರಲಿಲ್ಲ.

ಅದೇ ದಿನ, ಸಂಜೆ

ಭಾವ ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ಅಲ್ಲೇ ನಿಂತು ಹೇಳಿದೆ.

"ಭಾವ, ಅವರು ಕಣ್ಣು ಕೊಡಬೇಕು ಅಂತ ಬರದು ಕೊಟ್ಟಿದ್ರು. ನನಗ ಗೊತ್ತಿತ್ತು. ನೀವು ಕೇಳಿದಾಗ ನಾ ಬಾಯಿ ಬಿಡಲಿಲ್ಲ."

ಭಾವ ತಂಬಿಗೆ ಕೆಳಗಿಟ್ಟರು. ಸಿಟ್ಟಾಗುತ್ತಾರೆ ಎಂದುಕೊಂಡೆ.

"ನನಗೂ ಗೊತ್ತಿತ್ತವಾ," ಎಂದರು. "ಅಂವ ನನಗೂ ಹೇಳಿದ್ದ. ನೀ ಹೌದು ಅಂದಿದ್ರ ಜನದ ಮುಂದ ನನಗ ಇಲ್ಲ ಅನ್ನಲಿಕ್ಕೆ ಆಗ್ತಿದ್ದಿಲ್ಲ. ನೀ ಸುಮ್ಮನಾದಿ, ನಾನೂ ಬಚಾವಾದೆ ಅನಕೊಂಡೆ."

ಭಾವನವರ ಹೆಂಡತಿ ಕೃಷ್ಣಾಬಾಯಿ ವೈನಿ ಒಳಗಿಂದ ಊಟಕ್ಕೆ ಕರೆದರು.

ಮೇ 1, ಭಾನುವಾರ

ಖುರ್ಷೀದ್ ಆಟೋ ಮಾಡಿಕೊಂಡು ನಮ್ಮ ಕಾಚಿಗುಡಾದ ಮನೆಗೇ ಬಂದಳು. ರೋಜಾ ಉಪವಾಸವಿದ್ದಳು, ನೀರೂ ಬೇಡವೆಂದಳು. "ನೀವು ಮೂರು ದಿನ ಬರಲಿಲ್ಲ. ಅಮ್ಮಿ ಬಾಗಿಲು ನೋಡಾಕತ್ತಾರ. ಸಿಟ್ಟು ನನ್ನದು, ಅವರದಲ್ಲ. ಬರ್ರಿ," ಎಂದಳು.

ಭಾವ ಅವಳನ್ನು ಹಾಲಿನಲ್ಲಿ ಕೂರಿಸಿ ಫ್ಯಾನು ಹಾಕಿದರು. ನಾನು ಸೀರೆ ಬದಲಿಸಿ ಬಂದು, "ಹೋಗಿ ಬರ್ತೀನಿ," ಎಂದೆ.

ಹಟಾನಾಕಾ ಟಿಕೆಟ್ಟು ರದ್ದು ಮಾಡಿಸಿ ಅಲ್ಲೇ ಉಳಿದಿದ್ದಾರೆ.

ಮೇ 5, ಗುರುವಾರ

ದಿನವೂ ಹೋಗುತ್ತಿದ್ದೇನೆ. ತಮ್ಮ ಗಂಜಿ ಕುಡಿಸುತ್ತಾರೆ, ಮಗಳು ಕೈಕಾಲು ಒತ್ತುತ್ತಾಳೆ. ಅವರಿಬ್ಬರಿಗೂ ಈಗ ನನ್ನ ಅಗತ್ಯ ಅಷ್ಟಾಗಿ ಇಲ್ಲ. 'ನೀರು', 'ನೋವು', 'ಸಾಕು' ಖುರ್ಷೀದ್ ಕಲಿತಿದ್ದಾಳೆ. ಆಕೆಯ ಉಚ್ಚಾರ ಕೇಳಿ ತೋಕಿಕೊ ಒಮ್ಮೆ ನಕ್ಕಳು.

ಮೇ 9, ಸೋಮವಾರ

ಬೆಳಿಗ್ಗೆ ಹತ್ತೂವರೆಗೆ ತೋಕಿಕೊ ಹೋದಳು. ನಾನು ಅಲ್ಲೇ ಇದ್ದೆ. ನೋವಿಲ್ಲದೆ ಹೋದಳು. ಅದಕ್ಕೆ ಸ್ವಲ್ಪ ಮೊದಲು ಖುರ್ಷೀದಳ ಮುಖ ನೋಡಿ ಜಪಾನಿಯಲ್ಲಿ "ಅಮ್ಮ" ಎಂದಳು. ಅದೇನು, ಯಾರಿಗೆ ಅಂದದ್ದು ಎಂದು ಖುರ್ಷೀದ್ ಕೇಳಿದಳು. "ನಿಮ್ಮನ್ನ ತಮ್ಮ ತಾಯಿ ಅಂತ ತಿಳಕೊಂಡ್ರು," ಎಂದೆ. ಅವಳು ತಲೆಯಾಡಿಸಿ, ತಾಯಿಯ ಕಣ್ಣು ಮುಚ್ಚಿದಳು.

ಮಧ್ಯಾಹ್ನ ಗಂಡಸರೆಲ್ಲ ಸೇರಿದರು. ಗೋರಿಗೆ ಇಳಿಸುವವರು ಯಾರು ಎಂಬ ಮಾತು ಬಂತು. ಹೆಂಗಸಾದರೆ ರಕ್ತಸಂಬಂಧಿ ಇಳಿಸಬೇಕು ಎಂದರು ಕೆಲವರು. ರಕ್ತಸಂಬಂಧಿ ಇರುವವನೊಬ್ಬನೇ, ಅವನು ಮುಸಲ್ಮಾನನಲ್ಲ ಎಂದರು ಇನ್ನು ಕೆಲವರು. ಹಟಾನಾಕಾ ಮೂಲೆಯಲ್ಲಿ ಕಪ್ಪು ಕೋಟಿನಲ್ಲಿ ನಿಂತಿದ್ದರು. ತಮ್ಮ ವಿಷಯವೇ ಎಂದು ಗೊತ್ತಾಗಿತ್ತು, ಏನೆಂದು ಗೊತ್ತಿರಲಿಲ್ಲ. ಹಾಜಿಯವರು ನನ್ನನ್ನು ಕರೆದು, ಆತನಿಗೆ ಏನನ್ನಿಸುತ್ತದೆ ಕೇಳಿ ಎಂದರು.

ನಾನು ಅವರನ್ನು ಕೇಳಲಿಲ್ಲ. ಉರ್ದುವಿನಲ್ಲಿ ಹೇಳಿದೆ: "ಹಾಜಿ ಸಾಹೇಬರೇ, ಈಕೆಯನ್ನು ಸುಟ್ಟು ತಾಯಿಯ ಪಕ್ಕದಲ್ಲಿ ಇಡಬೇಕೆಂದು ಈತ ಬಂದರು. ಅಕ್ಕ ಬೇಡ ಎಂದಳು. ಆ ಒಂದು ಮಾತಿಗೆ ತಮ್ಮ ಮನೆತನದ ಪದ್ಧತಿ ಬಿಟ್ಟುಕೊಟ್ಟರು. ನಿಮ್ಮ ಧರ್ಮದಂತೆ ಆಕೆ ಮಣ್ಣಿಗೆ ಹೋಗುತ್ತಿದ್ದರೆ ಅದು ಈತನಿಂದ. ಆಕೆಯನ್ನು ಹಿಡಿಯಲು ಈತನಿಗಿಂತ ಹತ್ತಿರದವರು ಇಲ್ಲಿ ಯಾರಿದ್ದಾರೆ?"

ಹಾಜಿಯವರು ನನ್ನನ್ನೇ ದಿಟ್ಟಿಸಿದರು. "ಇದು ಅವರು ಹೇಳಿದ್ದೋ, ನೀವು ಹೇಳಿದ್ದೋ?"

"ನಾನೇ ಹೇಳಿದ್ದು."

ಹಾಜಿಯವರು ಗಡ್ಡದ ಮೇಲೆ ಕೈಯಾಡಿಸಿ, "ತಲೆಯ ಕಡೆ ನಾನು ಹಿಡಿಯುತ್ತೇನೆ. ಕಾಲಿನ ಕಡೆ ಅವರು ಹಿಡಿಯಲಿ. ತಪ್ಪಿದ್ದರೆ ದೇವರು ನನ್ನನ್ನು ಕೇಳಲಿ," ಎಂದರು.

ನಾವು ಹೆಂಗಸರು ಮನೆಯಲ್ಲೇ ಉಳಿದೆವು. ಸಂಜೆ ಐದರ ಮೇಲೆ ಅವರೆಲ್ಲ ತಿರುಗಿ ಬಂದರು. ಹಟಾನಾಕಾ ಅವರ ಕೋಟಿನ ತೋಳಿನವರೆಗೆ ಕೆಂಪು ಮಣ್ಣು. ಕೈ ತೊಳೆದು ಬಂದು, ಅಂಗಳದ ಚಾಪೆಯ ಮೇಲೆ ನನ್ನ ಎದುರು ಕೂತರು. ಬೆಳಿಗ್ಗೆಯಿಂದ ಅವರು ಏನೂ ತಿಂದಿರಲಿಲ್ಲ. ಅವರಿಗೆಂದು ಖುರ್ಷೀದ್ ಒಂದು ತಟ್ಟೆ ತಂದಿಟ್ಟಳು. ಅವರು ಮುಟ್ಟಲಿಲ್ಲ.

ನನ್ನನ್ನು ನೋಡದೆ ಹೇಳಿದರು. "ಅಕ್ಕ ಮೊದಲ ಸಲ ಉಪವಾಸ ಹಿಡಿದ ವರ್ಷ ನನಗೆ ಹದಿನೆಂಟು. ಆ ತಿಂಗಳು ಅವಳು ಕಚೇರಿಗೆ ರಜೆ ಹಾಕಿ ಊರಿಗೆ ಬಂದಿದ್ದಳು. ಅಪ್ಪ ಹೇಳಿದರು, ಅವಳ ಎದುರಿಗೇ ಕೂತು ಉಣ್ಣು, ಎಷ್ಟು ದಿನ ತಡೆಯುತ್ತಾಳೋ ನೋಡೋಣ ಅಂತ. ನಾನು ಮೂವತ್ತು ದಿನವೂ ಮಧ್ಯಾಹ್ನ ಅವಳ ಎದುರು ಕೂತು ಉಂಡೆ. ಬಡಿಸುತ್ತಿದ್ದವಳು ಅವಳೇ. ಅನ್ನ ಬೇಕೇ, ಇನ್ನೂ ಸ್ವಲ್ಪ ಹಾಕಲೇ ಎಂದು ಕೇಳಿ ಕೇಳಿ ಬಡಿಸಿದಳು."

ಖುರ್ಷೀದ್ ಬಾಗಿಲಲ್ಲಿ ನಿಂತಿದ್ದಳು. ಏನಂದರು ಎಂದು ಕೇಳಿದಳು. ಪೂರ್ತಿ ಹೇಳಿದೆ. ಅವಳು ಬಂದು ತಟ್ಟೆಯನ್ನು ಮೆಲ್ಲಗೆ ಎತ್ತಿಕೊಂಡು ಒಳಗೊಯ್ದಳು.

ಹೊತ್ತು ಮುಳುಗಲು ಇನ್ನೂ ಎಷ್ಟು ಸಮಯವಿದೆ ಎಂದು ಹಟಾನಾಕಾ ಕೇಳಿದರು. ನಲವತ್ತು ನಿಮಿಷ ಎಂದೆ. ಅವರು ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೆಟ್ಟಗೆ ಕೂತರು. ನಾನೂ ಎದ್ದುಬರಲಿಲ್ಲ, ಅವರ ಎದುರಿಗೇ ಕೂತೆ.